ಮುಂದಿನ ಎರಡು ಹಿಡಿಕೆ

"ಹಂಗಲ್ಲೋ ಕಲ್ಮೇಶ! ಮಫ್ಲರ್ ಸುತ್ತಿದಂಗ ಸುತ್ತಾಕತ್ತೀಯಲ್ಲ," ಎಂದು ಚನ್ನಬಸಮ್ಮ ಮಗನ ಕೈಯಿಂದ ರುಮಾಲಿನ ತುದಿ ಕಿತ್ತುಕೊಂಡಳು.

ಅಮೆರಿಕದ ಸಿಯಾಟಲ್ ಬಳಿಯ ಕೆಂಟ್‌ನ ಫ್ಯೂನರಲ್ ಹೋಮಿನಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ ಗದಿಗೆಪ್ಪನ ರುಮಾಲು ಮತ್ತೆ ಜಾರಿ ಮೂಗಿನ ಮೇಲೆ ಕೂತಿತ್ತು. ಮೊಮ್ಮಗಳು ಕೀರ್ತಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಜ್ಜಿ, ಈಸ್ ಇಟ್ ಓಕೆ ಟು ಲಾಫ್?"

"ನಗು ನಮ್ಮವ್ವ. ನಿಮ್ಮಜ್ಜನೇ ಎದ್ದು ನೋಡಿದ್ರ ಬಿದ್ದು ಬಿದ್ದು ನಗ್ತಿದ್ದ."

ಹೌದು, ಅಳುವಂಥ ಸಾವಲ್ಲ ಅದು. ತುಂಬಿದ ಬಾಳು. ಹೊಟ್ಟೆ ತುಂಬ ಉಂಡು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ. ಒಂದೇ ಒಂದು ಆಸೆ ಮಾತ್ರ ಉಳಿದುಹೋಗಿತ್ತು. ಆ ಆಸೆಯ ಇಬ್ಬರೂ ಈಗ ಇದೇ ಕೋಣೆಯಲ್ಲಿದ್ದರು: ಬಾಗಿಲ ಬಳಿ ಹಬ್ತೋಮ್, ಕಿಟಕಿ ಬಳಿ ಮುಲುಗೇತ. ಒಬ್ಬ ಎರಿಟ್ರಿಯಾದವನು, ಇನ್ನೊಬ್ಬ ಇಥಿಯೋಪಿಯದವನು. ಆ ಎರಡು ದೇಶಗಳು ಗಡಿಗಾಗಿ ಕಾದಾಡಿದಂದಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬ ಶನಿವಾರ ಮನೆಗೆ ಬಂದರೆ ಇನ್ನೊಬ್ಬ ಭಾನುವಾರ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲು ಗದಿಗೆಪ್ಪನಿಗೆ ಕೊನೆಯವರೆಗೂ ಆಗಲಿಲ್ಲ.

*

ರೋಣದ ಕಡೆಯ ಗದಿಗೆಪ್ಪ ಬೇಸಾಯ ಕಲಿಸುವ ಮೇಷ್ಟ್ರಾಗಿ ಇಥಿಯೋಪಿಯಕ್ಕೆ ಹೋದವನು. ಸುಡಾನ್ ಗಡಿಯ ಆ ಊರಿನ ಎರೆಮಣ್ಣು, ಆಳೆತ್ತರದ ಜೋಳ ಕಂಡು, "ಇದು ನಮ್ಮ ಹೊಲನ ಬಿಡು" ಅಂದ. ಶಾಲೆಯವರು ಹಿಂದಿನ ಹೊಲವನ್ನು ಅವನಿಗೇ ಬಿಟ್ಟುಕೊಟ್ಟರು. ಕಾಳು ತುಂಬಿಡಲು ತನ್ನೂರಲ್ಲಿ ಮಾಡುವಂತೆಯೇ ನೆಲದೊಳಗೆ ಹಗೇವು ತೋಡಿದ. ಒಳಯುದ್ಧ ಬಂತು, ಶಾಲೆ ಮುಚ್ಚಿತು. ಗಂಡ ಹೆಂಡತಿ ಹೊಲ ಬಿಡಲಿಲ್ಲ. ಸರ್ಕಾರದ ಸೈನಿಕರು ಬಂದರೂ ರೊಟ್ಟಿ, ಬಂಡುಕೋರರು ಬಂದರೂ ರೊಟ್ಟಿ.

ಒಂದು ಸುಗ್ಗಿಯಲ್ಲಿ ಕಾಲಿಗೆ ಗುಂಡು ತಗಲಿದ ಬಂಡುಕೋರನೊಬ್ಬ ತೆವಳುತ್ತ ಹೊಲಕ್ಕೆ ಬಂದ. ಅವನೇ ಹಬ್ತೋಮ್. ಖಾಲಿ ಹಗೇವಿನೊಳಗೆ ಇಳಿಸಿ, ಉಸಿರಾಡಲು ಮುಚ್ಚಳ ಓರೆ ಮಾಡಿದರು. ಬೆನ್ನ ಹಿಂದೆಯೇ ಸೈನಿಕರು ಬಂದರು. ಒಬ್ಬ ಮುಚ್ಚಳ ಸರಿಸಿ ಬಗ್ಗಿ ನೋಡಿದ. ಚನ್ನಬಸಮ್ಮನ ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು.

"ಏನಿದೆ ಒಳಗೆ?" ದೂರದಿಂದ ಅಧಿಕಾರಿ ಕೂಗಿದ.

ಸೈನಿಕ ಹಗೇವಿನೊಳಗೆ ನೋಡಿದ, ಆಮೇಲೆ ಗದಿಗೆಪ್ಪನ ಮುಖ ನೋಡಿದ.

"ಜೋಳ. ಈ ಸಲ ಕಾಳು ದಪ್ಪಗಿದೆ," ಎಂದು ಮುಚ್ಚಳವನ್ನು ಮತ್ತೆ ಓರೆಯಾಗಿಯೇ ಇಟ್ಟು ಎದ್ದ. ಅವನು ಮುಲುಗೇತ.

ಯುದ್ಧ ಮುಗಿದ ಮೇಲೆ ಇಬ್ಬರೂ ಆ ಹೊಲವನ್ನೇ ಹುಡುಕಿಕೊಂಡು ಬಂದರು. ಸುಟ್ಟು ಕರಕಲಾದ ನೆಲವನ್ನು ಗದಿಗೆಪ್ಪನ ಜೊತೆ ಹರಗಿದರು, ಬಿತ್ತಿದರು, ರಾಶಿ ಮಾಡಿದರು. ಚನ್ನಬಸಮ್ಮನನ್ನು 'ಅವ್ವ' ಎಂದೇ ಕರೆದರು. ಕೆಲವು ಬೆಳೆ ತೆಗೆದ ಮೇಲೆ ಸಿಯಾಟಲ್ ಸೇರಿ ಟ್ಯಾಕ್ಸಿ ಓಡಿಸತೊಡಗಿದರು. ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿ ಸೇರಿದ ಕಲ್ಮೇಶ ಅಪ್ಪ ಅವ್ವನನ್ನು ಕರೆಸಿಕೊಂಡ ದಿನ, ಆ ಗಡಿ ಯುದ್ಧಕ್ಕೆ ಮುಂಚೆ, ಇಬ್ಬರೂ ಏರ್‌ಪೋರ್ಟಿಗೆ ಒಂದೇ ಟ್ಯಾಕ್ಸಿಯಲ್ಲಿ ಬಂದು, ಯಾರು ಪೆಟ್ಟಿಗೆ ಎತ್ತಬೇಕೆಂದು ಜಗಳಾಡಿದ್ದರು.

*

"ಅವ್ವ, ನಮ್ಮ ಕಂಪನಿ ಬದರಿನಾಥ ಮತ್ತವನ ಗೆಳೆಯಾರು ಟಕ್ವಿಲಾದಾಗ ಟ್ರಾಫಿಕ್‌ನಾಗ ಸಿಕ್ಕೊಂಡಾರಂತ. ಹೊರಾಕ ಮಂದಿ ಸಾಲಂಗಿಲ್ಲ. ಟ್ರಾಲಿ ಕೊಡ್ತೀವಿ ಅನ್ನಾಕತ್ತಾರ ಇವ್ರು," ಎಂದ ಕಲ್ಮೇಶ.

"ನಿಮ್ಮಪ್ಪೇನು ಸೂಟ್‌ಕೇಸನು?"

ಚನ್ನಬಸಮ್ಮ ತಿರುಗಿ ನಿಂತು ಅಮ್ಹಾರಿಕ್ ಭಾಷೆಯಲ್ಲಿ ಕೂಗಿದಳು. ಆ ಭಾಷೆಯನ್ನೂ ಅವಳು ರೋಣದ ಧಾಟಿಯಲ್ಲೇ ಆಡುತ್ತಿದ್ದಳು.

"ಹಬ್ತೋಮ್, ಮುಲುಗೇತ, ಬರ್ರಿ ಇಲ್ಲೆ. ಮುಂದಿನ ಎರಡು ಹಿಡಿಕಿ ನಿಮ್ಮವು."

"ನಾನು ಹಿಂದೆ ಹಿಡೀತೀನಿ ಅವ್ವ," ಎಂದ ಹಬ್ತೋಮ್, ಕಿಟಕಿಯ ಕಡೆ ನೋಡದೆ.

"ಅಪ್ಪನ್ನ ಹೊರಾಕೂ ಗಡಿ ಹಾಕ್ತೀರೇನು?"

ಇಬ್ಬರೂ ತಲೆ ತಗ್ಗಿಸಿ ಬಂದು ಆ ಕಡೆ ಈ ಕಡೆ ನಿಂತರು. ಹಿಂದೆ ಕಲ್ಮೇಶ, ಅವನ ಹೆಂಡತಿ ವೈಶಾಲಿ, ಕೀರ್ತಿ ಕೈ ಹಚ್ಚಿದರು. ಭಜನೆಯವರ ತಾಳ ಶುರುವಾಯಿತು. ಹಬ್ತೋಮ್ ಉದ್ದನೆಯ ಆಳು, ಮುಲುಗೇತ ಗಿಡ್ಡ. ಹಿಂದಿನ ಸ್ಮಶಾನದ ಒದ್ದೆ ಹುಲ್ಲಿನ ಇಳಿಜಾರಿಗೆ ಬರುತ್ತಲೇ ಪೆಟ್ಟಿಗೆ ಮುಲುಗೇತನ ಕಡೆ ವಾಲಿತು.

"ತಗ್ಗಿಸೋ ಮಾರಾಯ, ಅಪ್ಪ ನನ್ನ ಮೇಲೆ ಬೀಳ್ತಾನೆ!"

ಇಷ್ಟು ವರ್ಷಗಳ ಮೇಲೆ ಅದು ಮೊದಲ ಮಾತು.

"ನೀನೇ ಎತ್ತು! ಟ್ಯಾಕ್ಸಿಯಲ್ಲಿ ಕೂತು ಕೂತು ತೋಳೆಲ್ಲ ಬೆಣ್ಣೆಯಾಗಿದೆ ನಿನಗೆ."

"ನಿನ್ನ ಕುಂಟು ಕಾಲು ನೆಟ್ಟಗಿಡು ಮೊದಲು!"

ಅಮ್ಹಾರಿಕ್ ಮಾತು ತಿಳಿಯದಿದ್ದರೂ ಮೊದಲು ನಕ್ಕವಳು ಕೀರ್ತಿ. ಆಮೇಲೆ ಕಲ್ಮೇಶ. ಚನ್ನಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಭಜನೆಯವರ ತಾಳ ತಪ್ಪಿ ಮತ್ತೆ ಕೂಡಿಕೊಂಡಿತು.

ಚನ್ನಬಸಮ್ಮ ವಿಭೂತಿ ಇಟ್ಟು ಮೊದಲ ಹಿಡಿ ಮಣ್ಣು ಹಾಕಿದಳು. ಗುಂಡಿ ಮುಚ್ಚಲು ಯಂತ್ರ ಬಂದು ನಿಂತಿತ್ತು. ಮುಲುಗೇತ ಅದರ ಚಾಲಕನಿಗೆ ಬೇಡವೆಂದು ಕೈ ಮಾಡಿ ಸಲಿಕೆ ಎತ್ತಿಕೊಂಡ. ಹಬ್ತೋಮ್ ಇನ್ನೊಂದು ಎತ್ತಿಕೊಂಡ. ಒಬ್ಬನ ನಂತರ ಒಬ್ಬ ಮಣ್ಣು ಎಳೆದರು.

"ಮನಿಗೆ ಬರ್ರಿ, ಇಬ್ರೂ. ಇವತ್ತ ಬರ್ರಿ," ಎಂದಷ್ಟೇ ಹೇಳಿ ಚನ್ನಬಸಮ್ಮ ಸೊಸೆಯ ಕೈ ಹಿಡಿದು ಕಾರಿನ ಕಡೆ ನಡೆದಳು. ಕಾರಿನ ಬಾಗಿಲು ಹಿಡಿದು ತಿರುಗಿ ನೋಡಿದಳು.

ಹಸಿಮಣ್ಣು ಮುಲುಗೇತನ ಒಂದು ಶೂ ನುಂಗಿತ್ತು. ಹಬ್ತೋಮ್ ಅದನ್ನು ಕಿತ್ತು ತೆಗೆದು, ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ಕಡ್ಡಿಯಿಂದ ಕೆಸರು ಕೆರೆಯುತ್ತಿದ್ದ. ಮುಲುಗೇತ ಒಂಟಿಗಾಲಲ್ಲಿ ನಿಂತಿದ್ದ, ಬೀಳದ ಹಾಗೆ ಹಬ್ತೋಮನ ನರೆತ ತಲೆಯ ಮೇಲೆ ಕೈಯೂರಿಕೊಂಡು.