ಮಡಚಿದ ಎಲೆ

ಇದನ್ನು ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ. ಕಂಪ್ಯೂಟರು ಬಲ್ಲವರು ನಗಬಾರದು, ಊಟ ಬಲ್ಲವರು ಬೇಸರಪಡಬಾರದು.

"ಮೋಳೇ, ಒಂದೇ ಮಂಟಪ, ಒಂದೇ ಮುಹೂರ್ತ, ಮದುಮಗಳು ಮಾತ್ರ ಇಬ್ರು. ಇಬ್ರಿಗೂ ನಿನ್ನ ಕಂಪ್ಯೂಟ್ರೇ ಹೂಂ ಅಂದಿದೆ. ಇನ್ನು ನಾನು ಓಡಿಹೋಗೋದೊಂದೇ ಬಾಕಿ."

ಒಟ್ಟಪಾಲಂನ ಸಮಾಜ ಮಂದಿರದ ಕಾರ್ಯದರ್ಶಿ, ನಿವೃತ್ತ ಗಣಿತ ಮೇಷ್ಟ್ರು ಪರಮೇಶ್ವರನ್ ಮಾಷ್ ಮಗಳನ್ನು ಕರೆದಂತೆ ಕರೆದು ಹೀಗೆಂದಾಗ, ಕಂಪ್ಯೂಟರು ನೋಡಿಕೊಳ್ಳುವ ವಿಲಾಸಿನಿ ಪರದೆಯಿಂದ ತಲೆ ಎತ್ತಲಿಲ್ಲ. ಕಚೇರಿಯ ಎರಡೂ ಯಂತ್ರಗಳನ್ನು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಗೆ ಬದಲಾಯಿಸಿದವಳು ಅವಳೇ. ಮಂಟಪ ಕಾಯ್ದಿರಿಸುವ ತಂತ್ರಾಂಶ ಮಾತ್ರ ಹಳೆಯದು. ನಡುವೆ ದುಭಾಷಿಯಂತೆ ಒಂದು ಪದರ ಕೂತು ಹಳೆಯದರ ಮಾತನ್ನು ಹೊಸದಕ್ಕೆ ತಿಳಿಸುತ್ತಿತ್ತು. ಒಬ್ಬರು ಕಡತ ತೆರೆದರೆ ಅದಕ್ಕೆ ಬೀಗ ಬೀಳಬೇಕು, ಇನ್ನೊಬ್ಬರು ಕಾಯಬೇಕು. ಬೀಗವೇನೋ ಬೀಳುತ್ತಿತ್ತು, ನಡುವೆ ಎಲ್ಲೋ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಸಂಜೆ ತರಗತಿಯಲ್ಲಿ ಕಲಿತವಳು. ತಪ್ಪು ತನ್ನದೇ ಇರಬೇಕೆಂದು ನಾಲ್ಕು ದಿನದಿಂದ ಸಾಲು ಸಾಲಾಗಿ ಹುಡುಕುತ್ತಿದ್ದಳು.

"ಮೂರು ಗಂಟೆಗೆ ಸಮಿತಿ. ಅಷ್ಟರಲ್ಲಿ ಸಿಗದಿದ್ರೆ ಈ ಯಂತ್ರಾನೂ ಹೋಗುತ್ತೆ, ನಿನ್ನ ಕೆಲಸಾನೂ ಹೋಗುತ್ತೆ. ಮೊದ್ಲು ಊಟಕ್ಕೆ ಹೋಗು. ಹಸಿದವರಿಗೆ ಲೆಕ್ಕ ಬರಲ್ಲ."

ಕೆಳಗೆ ಅಂದಿನ ಮದುವೆಯ ಎರಡನೇ ಪಂಕ್ತಿ. ಉಣ್ಣುವವರ ಪ್ರತಿ ಕುರ್ಚಿಯ ಹಿಂದೆಯೂ ಒಬ್ಬೊಬ್ಬರು ಕಾವಲು ನಿಂತಿದ್ದರು. ವಿಲಾಸಿನಿ ಹೇಗೋ ಕೂತು, ಕಚೇರಿಯ ಗುಮಾಸ್ತೆ, ಎಲ್ಲರಿಗೂ ಅಕ್ಕನಾದ ಓಮನ ಚೇಚಿಗೆಂದು ಪಕ್ಕದ ಎಲೆಯನ್ನೂ ಹಿಡಿದಿಟ್ಟಳು. ಸಾಂಬಾರು ಮುಗಿಯುವಾಗ ಚೇಚಿಯ ಫೋನು ಬಂತು: "ನಾನು ಬರಲ್ಲ ಕಣೇ, ಮಾಷ್ ಬಿಡ್ತಿಲ್ಲ."

ಕಾಯುವವರಿಗೆ ಅನ್ಯಾಯವಾಗಬಾರದೆಂದು ಅವಳು ಪಕ್ಕದ ಎಲೆ ಮಡಚಿದಳು. ಬಡಿಸುವ ಭಾಸ್ಕರನ್ ಬಂದವನೇ ಎರಡೂ ಎಲೆ ಬಾಚಿಕೊಂಡ.

"ಅಯ್ಯೋ, ನನ್ನದು ಪಾಯಸ ಆಗಿಲ್ಲ!"

"ಎರಡೂ ನಿಮ್ಮವೇ ಅಲ್ವಾ ಚೇಚಿ? ಒಂದು ಮಡಚಿದ್ರಿ. ಅಂದ್ರೆ ನಿಮ್ದು ಮುಗೀತು."

"ಇದ್ಯಾವ ನ್ಯಾಯ?"

"ಎಂಟ್ನೂರು ಜನಕ್ಕೆ ಬಡಿಸೋನ ನ್ಯಾಯ."

ಹಿಂದೆ ನಿಂತಿದ್ದ ದಪ್ಪ ಮನುಷ್ಯ ಆಗಲೇ ಅರ್ಧ ಕುರ್ಚಿಗೆ ಇಳಿದಿದ್ದ. ವಿಲಾಸಿನಿಗೆ ಬೀಗ ನೆನಪಾಯಿತು. ಮರುಕ್ಷಣ ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದಳು.

ಹಳೆಯ ತಂತ್ರಾಂಶ ಕಡತಕ್ಕೆ ಬೀಗ ಹಾಕಿ, ಬರೆಯುವ ಮೊದಲು ಅದೇ ಕಡತವನ್ನು ಇನ್ನೊಮ್ಮೆ ತೆರೆದು, ದಿನಾಂಕ ಇಣುಕಿ ನೋಡಿ ಮುಚ್ಚುತ್ತಿತ್ತು. ಹಳೆಯ ಮನೆಯಲ್ಲಿ, ಅಂದರೆ ಲಿನಕ್ಸ್ ಬರುವ ಮುಂಚೆ, ಅದರಿಂದ ಬೀಗಕ್ಕೇನೂ ಆಗುತ್ತಿರಲಿಲ್ಲ. ಇಲ್ಲಿ ನಡೆಯುವುದು ಭಾಸ್ಕರನ್‌ನ ನ್ಯಾಯ: ಒಂದು ಮುಚ್ಚಿದೆಯೋ, ನಿನ್ನ ಬೀಗವೆಲ್ಲ ಹೋಯಿತು. ಬೀಗ ತೆಗೆಯುವವರೆಗೆ ಆ ಎರಡನೆಯದನ್ನು ಮುಚ್ಚದಿರು ಎಂದು ಪದರಕ್ಕೆ ಏಳು ಸಾಲು ಸೇರಿಸಿದಳು, ಎಡಗೈಯೊಂದರಲ್ಲೇ.

ಓಮನ ಚೇಚಿ ಒಂದು ಯಂತ್ರದಲ್ಲಿ ಕಡತ ತೆರೆದು ಬರೆಯತೊಡಗಿದಳು. ಮಾಷ್ ಇನ್ನೊಂದರಲ್ಲಿ ಒತ್ತಿದರು. 'ಬೇರೆಯವರು ಬಳಸುತ್ತಿದ್ದಾರೆ, ಕಾಯಿರಿ.'

"ನನಗೇ ಕಾಯಿ ಅನ್ನುತ್ತಾ ಇದು?"

"ಮೂವತ್ತು ವರ್ಷ ಮಕ್ಕಳನ್ನ ಬಾಗಿಲ ಹೊರಗೆ ನಿಲ್ಲಿಸಿದ್ರಲ್ಲ ಮಾಷ್, ಈಗ ನೀವು ನಿಲ್ಲಿ," ಎಂದಳು ಓಮನ ಚೇಚಿ.

ಮಾಷ್ ಮತ್ತೆ ಆರು ಸಲ ಒತ್ತಿ ನೋಡಿದರು. ಆರೂ ಸಲ ಕಾಯಲು ಹೇಳಿತು. ಅವರ ಮುಖ ಅರಳುತ್ತಾ ಬಂತು.

ಯಂತ್ರಗಳು ಉಳಿದವು. ಸಮಿತಿಯಲ್ಲಿ ಕೂತಿದ್ದ, ಒಂದೇ ಮುಹೂರ್ತಕ್ಕೆ ಮಂಟಪ ಬರೆಸಿದ್ದ ಇಬ್ಬರು ಅಪ್ಪಂದಿರಲ್ಲಿ ಒಬ್ಬರು ಮೆಲ್ಲನೆ ಕೇಳಿದರು: "ತಪ್ಪು ಸಿಕ್ತು, ಸಂತೋಷ. ಮೊದಲು ಬರೆಸಿದ್ದು ಯಾರು?"

ವಿಲಾಸಿನಿ ಕಡತವನ್ನು ಮತ್ತೆ ತೆರೆದು ನೋಡಿದಳು. ಕೊನೆಗೆ ಮಂಟಪ ಯಾರಿಗೆಂದು ಚೀಟಿ ಎತ್ತಿದರು. ಪ್ರಶ್ನೆ ಕೇಳಿದ ಅಪ್ಪನಿಗೆ ಬೀಳಲಿಲ್ಲ, ಅವರು ಕೊಡೆ ತೆಗೆದುಕೊಂಡು ಎದ್ದರು.

ಭಾಸ್ಕರನ್ ಮೇಲಕ್ಕೆ ಕಳಿಸಿದ್ದ ಪಾಯಸ ಲೋಟದಲ್ಲಿ ಕೆನೆಗಟ್ಟಿತ್ತು. ಕಡತದ ಒಂದೇ ಸಾಲಿನ ಮೇಲೆ ಇಬ್ಬರ ಹೆಸರೂ ಬಿದ್ದಿತ್ತು. ಯಾರದು ಮೊದಲೆಂದು ವಿಲಾಸಿನಿಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.