ಎರಡನೆಯ ನಗು

ಬಟ್ಟಲನ್ನು ತಪ್ಪಾಗಿ ಇಟ್ಟಿದ್ದರು. ಅಂಚಿನಲ್ಲಿ ಚಕ್ಕೆ ಎದ್ದ ಜಾಗ ಜನರ ಕಡೆಗೇ ತಿರುಗಿತ್ತು. ಹೆಂಡತಿ ಐವಿ ಇದ್ದಿದ್ದರೆ ಎದ್ದು ಹೋಗಿ ಅದನ್ನು ಸರಿಮಾಡಿಯೇ ಬಂದು ಕೂರುತ್ತಿದ್ದಳು ಎಂದು ವಿಲ್ಫ್ ಹೋಲ್ರಾಯ್ಡ್‌ಗೆ ಅನಿಸಿತು. ದಪ್ಪ ಗಾಜಿನ, ಗಿಡ್ಡ ಕಾಲಿನ ಆ ಬಟ್ಟಲು ಅವಳ ತವರಿನದು. ಉತ್ತರ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಮನೆಯಲ್ಲಿ ಅದು ಯಾವಾಗಲೂ ಚಕ್ಕೆ ಎದ್ದ ಬದಿಯನ್ನು ಗೋಡೆಗೆ ಮಾಡಿಕೊಂಡು ಕೂತಿರುತ್ತಿತ್ತು. ಈಗ ಲಂಡನ್ನಿನ ಟೀವಿ ಸ್ಟುಡಿಯೋದಲ್ಲಿ, ನಾಟಕದ ಸಾಮಾನು ಜೋಡಿಸಿಟ್ಟ ಮೇಜಿನ ಮೇಲೆ, ಕೆನೆ ತುಂಬಿಕೊಂಡು ತನ್ನ ಸರದಿಗೆ ಕಾಯುತ್ತಿತ್ತು.

ಮೇಜಿನಾಚೆ ಮೂರೇ ಗೋಡೆಗಳ ಒಂದು ಊಟದ ಕೋಣೆ. ನಾಲ್ಕನೆಯ ಗೋಡೆ ಇರಬೇಕಾದ ಕಡೆ ಕ್ಯಾಮೆರಾಗಳು. ಅವುಗಳ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಜನ. ವಿಲ್ಫ್ ಎರಡನೆಯ ಸಾಲಿನಲ್ಲಿ, ಮೊಣಕಾಲ ಮೇಲೆ ಟೊಪ್ಪಿಗೆ ಇಟ್ಟುಕೊಂಡು ಕೂತಿದ್ದ. ಧಾರಾವಾಹಿಯನ್ನು ಬರೆದವಳು ಅವನ ಮಗಳು ಜ್ಯಾನಿಸ್. ಗಿರಣಿಯ ಕೆಲಸಗಾರರ ಮಗಳು ದೊಡ್ಡಮನೆಯ ಹುಡುಗನನ್ನು ಮದುವೆಯಾಗುತ್ತಾಳೆ. ಆಮೇಲೆ ವಾರವಾರವೂ ಬೀಗರಿಗೂ ಬೀಗರಿಗೂ ಜಟಾಪಟಿ. ಈಸ್ಟರ್ ಹಬ್ಬಕ್ಕೆ ಊರಿಗೆ ಬಂದಾಗ ಅವಳು ಬಟ್ಟಲನ್ನು ಕೇಳಿ ಒಯ್ದಿದ್ದಳು. "ಯಪ್ಪಾ, ಈ ಸಲದ ಕಂತಿನಾಗ ಅವ್ವ ಅದಾಳ. ನೀ ಬಂದು ನೋಡಬೇಕು," ಎಂದಿದ್ದಳು. ಅಪ್ಪನ ಹತ್ತಿರ ಮಾತಾಡುವಾಗ ಮಾತ್ರ ಅವಳ ನಾಲಿಗೆ ಉತ್ತರದ ಊರಿಗೆ ಹೋಗಿಬರುತ್ತಿತ್ತು.

ಅವ್ವ ಅದಾಳ. ಐವಿ ಹೋಗಿ ಮೂರು ಚಳಿಗಾಲ ಕಳೆದಿದ್ದವು. ಅವಳ ದನಿಯನ್ನು ಯಾರೂ ಎಲ್ಲೂ ಹಿಡಿದಿಟ್ಟಿರಲಿಲ್ಲ. ವಿಲ್ಫ್‌ಗೆ ಈ ಎರಡು ಶಬ್ದ ಸಾಕಿತ್ತು, ಎರಡು ರೈಲು ಹತ್ತಿ ಬರಲು.

ಪಕ್ಕದ ಕುರ್ಚಿಯಲ್ಲಿ ಬೀಗಿತಿ ಕೂತಿದ್ದರು. ಮಿಸೆಸ್ ಫೆನ್‌ವಿಕ್, ಅಳಿಯ ಟೋಬಿಯ ತಾಯಿ. ಮದುವೆಯಲ್ಲಿ ವಿಲ್ಫ್‌ನ ತಮ್ಮ ಕುಡಿದು ಕುರ್ಚಿ ಹತ್ತಿ ಹಾಡಿದಾಗಿನಿಂದ ಎರಡು ಮನೆಯವರ ನಡುವೆ ಉಳಿದದ್ದು ಕ್ರಿಸ್‌ಮಸ್ ಕಾರ್ಡು ಮಾತ್ರ. ಐವಿಯ ಮಣ್ಣಿಗೆ ಅವರು ಬಂದಿರಲಿಲ್ಲ. ಬಿಳಿಯ ಲಿಲ್ಲಿ ಹೂಗಳು ಬಂದಿದ್ದವು, ಅಚ್ಚುಹಾಕಿಸಿದ ಹೆಸರಿನ ಜೊತೆ. ಈಗ ಆಕೆಯೂ ವಿಧವೆ. ದೊಡ್ಡ ಮನೆ ಮಾರಿ ಲಂಡನ್ನಿನಲ್ಲೇ ಒಂದು ಫ್ಲಾಟಿನಲ್ಲಿದ್ದಾರೆಂದು ಜ್ಯಾನಿಸ್ ಹೇಳಿದ್ದಳು. ಜೊತೆಗೆ ಯಾರೂ ಬಂದಿರಲಿಲ್ಲ.

"ಪ್ರಯಾಣ ಸುಖವಾಗಿತ್ತಾ, ಹೋಲ್ರಾಯ್ಡ್ ಅವರೇ?"

"ಹೂನ್ರಿ. ಕೂಡಾಕ ಜಾಗ ಸಿಕ್ಕಿತ್ತು."

ಇಬ್ಬರೂ ಬಟ್ಟಲನ್ನು ನೋಡುತ್ತ ಕೂತರು.

ಚಿತ್ರೀಕರಣಕ್ಕೆ ಮುಂಚೆ ಜನರನ್ನು ನಗಿಸಿ ಹದಮಾಡಲೆಂದೇ ಒಬ್ಬನನ್ನು ಇಟ್ಟುಕೊಂಡಿದ್ದರು. ಚೌಕುಳಿ ಕೋಟಿನ ಅವನು ಮೈಕು ಹಿಡಿದು ಸಾಲುಗಳ ಮುಂದೆ ಓಡಾಡುತ್ತಿದ್ದ. "ದೂರದಿಂದ ಬಂದೋರು ಯಾರಿದೀರಪ್ಪಾ?" ಎಂದ. ಹಿಂದಿನ ಸಾಲಿನಲ್ಲಿದ್ದ ಜ್ಯಾನಿಸ್‌ಳ ಗೆಳತಿಯರು ವಿಲ್ಫ್‌ನ ಕಡೆ ಕೈತೋರಿಸಿದರು.

"ಎಲ್ಲಿಂದ, ಅಜ್ಜಾ?"

"ಹ್ಯಾಲಿಫ್ಯಾಕ್ಸ್."

"ಅಯ್ಯೋ ಅಷ್ಟು ದೂರಾನಾ! ದಕ್ಷಿಣಕ್ಕೆ ದಾಟೋವಾಗ ಪಾಸ್‌ಪೋರ್ಟ್ ಕೇಳಿದ್ರಾ?"

"ಬರುವಾಗ ಯಾರೂ ಕೇಳಲಿಲ್ಲಪಾ," ಎಂದ ವಿಲ್ಫ್. "ನಮ್ಮಲ್ಲಿ ವಾಪಸ್ ಹೋಗುವಾಗ ಕೇಳ್ತಾರ. ಇಲ್ಲಿಂದ ಏನರ ರೋಗ ಹಚ್ಚಿಕೊಂಡು ಬಂದಾನೇನೋ ಅಂತ."

ಇಡೀ ಸ್ಟುಡಿಯೋ ನಕ್ಕಿತು. ಅಷ್ಟು ಜನರ ನಗು ಒಟ್ಟಿಗೆ ಬಂದು ಎದೆಗೆ ತಾಗುವಾಗ ಬೆಚ್ಚಗಿರುತ್ತದೆ ಎಂಬುದು ವಿಲ್ಫ್‌ಗೆ ಗೊತ್ತಿರಲಿಲ್ಲ. ಕಿವಿ ಕೆಂಪಾಯಿತು. ದೂರದಲ್ಲಿ, ಕ್ಯಾಮೆರಾಗಳ ನಡುವೆ, ಜ್ಯಾನಿಸ್ ಅವನತ್ತ ಹೆಬ್ಬೆರಳೆತ್ತಿ ತೋರಿಸಿದಳು.

ಆಮೇಲೆ ದೀಪಗಳು ಬದಲಾದವು. ನಾಟಕ ಶುರುವಾಯಿತು.

ಹೂವಿನ ಟೊಪ್ಪಿಗೆಯ ಒಬ್ಬ ಹೆಂಗಸು ಎದೆಗೆ ಬಟ್ಟಲನ್ನು ಅವಚಿಕೊಂಡು ಬಾಗಿಲಿನಿಂದ ಒಳಬಂದಳು. ಮುಖದಲ್ಲಿ ಐವಿಯ ಹೋಲಿಕೆ ಇರಲಿಲ್ಲ. ಆದರೆ ಬಟ್ಟಲನ್ನು ಹಿಡಿದ ರೀತಿ ಅವಳದೇ: ಒಂದು ಕೈ ಕಾಲಿನ ಕೆಳಗೆ, ಇನ್ನೊಂದು ಕೈಯ ಹೆಬ್ಬೆರಳು ಚಕ್ಕೆಯ ಮೇಲೆ. ಜ್ಯಾನಿಸ್ ಹೇಳಿಕೊಟ್ಟಿರಬೇಕು. ವಿಲ್ಫ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

ನಾಟಕದಲ್ಲಿ ತೋರಿಸುತ್ತಿದ್ದುದು ಜ್ಯಾನಿಸ್‌ಳ ಮದುವೆ ನಿಶ್ಚಯವಾದ ಹೊಸದರಲ್ಲಿ ನಿಜವಾಗಿ ನಡೆದದ್ದು. ಫೆನ್‌ವಿಕ್ ಮನೆಯವರು ಭಾನುವಾರದ ಊಟಕ್ಕೆ ಕರೆದಿದ್ದರು. ಬರಿಗೈಯಲ್ಲಿ ಹೋಗುವುದು ಐವಿಯ ಊರಿನಲ್ಲಿ ಇಲ್ಲದ ಪದ್ಧತಿ. ಹಿಂದಿನ ದಿನವೇ ಟ್ರೈಫಲ್ ಮಾಡಿದಳು. ಅಡಿಯಲ್ಲಿ ಶೆರ್ರಿ ಮದ್ಯದಲ್ಲಿ ನೆನೆಸಿದ ಕೇಕು, ಅದರ ಮೇಲೆ ಜೆಲ್ಲಿ, ಡಬ್ಬಿಯ ಪೀಚ್ ಹಣ್ಣು, ಕಸ್ಟರ್ಡು, ಕೆನೆ. ಬೇರೆಯವರ ಹಾಗೆ ರಾಸ್ಪ್‌ಬೆರಿ ಹಾಕುತ್ತಿರಲಿಲ್ಲ. ಅದರ ಸಣ್ಣ ಬೀಜ ವಿಲ್ಫ್‌ನ ಕಟ್ಟಿಸಿಕೊಂಡ ಹಲ್ಲಿನ ಕೆಳಗೆ ಸೇರಿ ನೋಯುತ್ತಿತ್ತು. ರೈಲಿನಲ್ಲಿ ದಾರಿಯುದ್ದಕ್ಕೂ ಬಟ್ಟಲು ಅವಳ ಮಡಿಲಲ್ಲೇ ಇತ್ತು. ಫೆನ್‌ವಿಕ್ ಮನೆಯಲ್ಲಿ ಅದನ್ನು ಕೆಲಸದವಳು ಒಳಗೆ ಒಯ್ದಳು. ಊಟದ ಕೊನೆಗೆ ಬಂದದ್ದು ಬೇರೆ ಸಿಹಿ. ಆಮೇಲೆ ತೋಟ ತೋರಿಸಿದರು. ಹೊರಡುವಾಗ ಬಟ್ಟಲು ಫಳಫಳ ತೊಳೆದು ಬಂತು.

"ನೋಡ್ದೇನ? ಒಂದು ಚಮಚಾನೂ ಉಳಿಸಿಲ್ಲ," ಎಂದಿದ್ದಳು ಐವಿ ಗೇಟು ದಾಟಿದ ಕೂಡಲೇ. "ನಾವು ತೋಟದಾಗ ಇದ್ದಾಗ ತಿಂದಾರ. ಎದುರಿಗೆ ತಿನ್ನಾಕ ನಾಚಿಕಿ ಅವಕ್ಕ, ದೊಡ್ಡ ಮಂದಿಗೆ."

ಆ ಮಾತನ್ನು ಅವಳು ಚರ್ಚಿನಲ್ಲಿ ಹೇಳಿದಳು, ಕಸಾಯಿ ಅಂಗಡಿಯಲ್ಲಿ ಹೇಳಿದಳು, ಕೊನೆಗೆ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮಂಚದವಳಿಗೂ ಹೇಳಿದಳು. ಬೀಗರ ವಿಷಯದಲ್ಲಿ ಆಮೇಲೆ ಏನೇನೇ ಕೆಟ್ಟರೂ ಇದೊಂದು ಗೆಲುವು ಅವಳದಾಗಿತ್ತು.

ಸೆಟ್ಟಿನಲ್ಲಿ ದೊಡ್ಡಮನೆಯ ಯಜಮಾನಿ ಬಟ್ಟಲನ್ನು ಎರಡು ಬೆರಳಲ್ಲಿ ತೆಗೆದುಕೊಂಡಳು. "ಎಷ್ಟೊಂದು... ಬಣ್ಣ ಬಣ್ಣವಾಗಿದೆ," ಎಂದಳು. ಜನ ನಕ್ಕರು. ಟೊಪ್ಪಿಗೆಯವಳು ತೋಟ ನೋಡಲು ಹೋದದ್ದೇ ತಡ, ಯಜಮಾನಿ ಬಟ್ಟಲನ್ನು ನೆಲಕ್ಕೆ ಇಟ್ಟು ಚಿಟಿಕೆ ಹೊಡೆದಳು. ದಪ್ಪ ನಾಯಿಯೊಂದು ಬಾಲ ಆಡಿಸುತ್ತ ಬಂತು. ಮೂತಿ ಇಟ್ಟಿತು. ಕೆನೆ ಮೂಗಿಗೆ, ಕಿವಿಗೆ. ನಗು ಏರುತ್ತಲೇ ಹೋಯಿತು. ತೊಳೆದ ಬಟ್ಟಲನ್ನು ಕೈಗಿತ್ತಾಗ ಟೊಪ್ಪಿಗೆಯವಳ ಮುಖ ಅರಳಿತು. ಕನ್ನಡಿಯಲ್ಲಿ ನೋಡಿಕೊಂಡಂತೆ ಅದರೊಳಗೆ ನೋಡಿದಳು. ಗಂಡನ ಕಡೆ ತಿರುಗಿ ಹೇಳಿದಳು:

"ನೋಡ್ದೇನ? ಒಂದು ಚಮಚಾನೂ ಉಳಿಸಿಲ್ಲ!"

ಸಾಲುಗಳೆಲ್ಲ ಅಲುಗಿದವು. ಹಿಂದಿನವರು ಯಾರೋ ಕುರ್ಚಿಯ ಬೆನ್ನು ಬಡಿದರು.

ಗಿರಣಿಯಲ್ಲಿ ಮಗ್ಗಗಳನ್ನು ಸರಿಪಡಿಸುವುದು ವಿಲ್ಫ್‌ನ ಕೆಲಸವಾಗಿತ್ತು. ಜಮಖಾನೆಯಲ್ಲಿ ಕಂಡ ತಪ್ಪನ್ನು ಹಿಡಿದು ಹಿಂದಕ್ಕೆ, ಹಿಂದಕ್ಕೆ ಹೋಗಿ, ಅದು ಹುಟ್ಟಿದ ಜಾಗವನ್ನು ಹುಡುಕುವುದು ಅವನ ಮನಸ್ಸಿಗೆ ರೂಢಿ. ಈಗಲೂ ಅದು ತಾನಾಗಿಯೇ ಹಿಂದಕ್ಕೆ ಹೋಯಿತು. ಫೆನ್‌ವಿಕ್ ಮನೆಯಲ್ಲಿ ಒಂದು ಕಂದು ನಾಯಿ ಇತ್ತು. ಬರುವಾಗ ಬೊಗಳಿದ್ದು, ಹೋಗುವಾಗ ಗೇಟಿನವರೆಗೂ ಐವಿಯ ಕೈಗವಸು ಮೂಸುತ್ತ ಬಂದಿತ್ತು. "ಎಷ್ಟು ಹಚ್ಚಿಕೊಂಡೈತಿ ನೋಡ ಇದು," ಎಂದು ಐವಿ ಅದರ ತಲೆ ಸವರಿದ್ದಳು.

ಬೇರೆ ಯಾವ ವಿವರಣೆಗೂ ಜಾಗ ಉಳಿಯಲಿಲ್ಲ.

ಮಿಸೆಸ್ ಫೆನ್‌ವಿಕ್ ಕೂಡ ನಗುತ್ತಿದ್ದರು, ತಮಾಷೆ ತಮ್ಮ ಮೇಲೆಯೇ ಆದಾಗ ಅವರ ಕಡೆಯವರು ನಗಲೇಬೇಕಾದ ಹಾಗೆ, ತುಟಿ ಮುಚ್ಚಿ. ನಗುತ್ತಲೇ ಪಕ್ಕಕ್ಕೆ ತಿರುಗಿದರು. ವಿಲ್ಫ್‌ನ ಮುಖ ಕಂಡಿತು. ನಗು ನಿಂತಿತು.

ಅಷ್ಟರಲ್ಲಿ ಚೌಕುಳಿ ಕೋಟಿನವನು ಮತ್ತೆ ಮುಂದೆ ಬಂದ. "ಕ್ಷಮಿಸಬೇಕು ಸ್ವಾಮಿ, ಮೈಕಿನ ನೆರಳು ಗೋಡೆ ಮೇಲೆ ಬಿತ್ತಂತೆ. ನಾಯಿ ಬರೋ ಕಡೆಯಿಂದ ಇನ್ನೊಂದು ಸಲ ಮಾಡ್ತಾರೆ. ಏನಾಗುತ್ತೆ ಅಂತ ನಿಮಗೆ ಗೊತ್ತು, ಆದರೆ ಗೊತ್ತಿಲ್ಲ! ಮೊದಲ ಸಲ ಕೇಳಿದ ಹಾಗೇ ನಗಬೇಕು. ಹ್ಯಾಲಿಫ್ಯಾಕ್ಸ್ ಅಜ್ಜಾ, ನೀವು ಎಲ್ಲರಿಗಿಂತ ಜೋರಾಗಿ!"

ಬಟ್ಟಲನ್ನು ಒರೆಸಿ ಮತ್ತೆ ತುಂಬಿ ತಂದರು. ಎದ್ದು ಹೋಗಬಹುದಿತ್ತು. ಆದರೆ ಸಾಲಿನ ಕೊನೆಯವರೆಗೂ ಮೊಣಕಾಲುಗಳು, ಕ್ಯಾಮೆರಾದ ಪಕ್ಕದಲ್ಲಿ ಮಗಳು. ವಿಲ್ಫ್ ಟೊಪ್ಪಿಗೆಯ ಅಂಚು ಹಿಡಿದು ಕೂತ. ಚಿಟಿಕೆ ಕೇಳಿಸಿತು. ನಾಯಿ ಬಂತು. ಈ ಸಲ ಜನ ಮೊದಲಿಗಿಂತ ಹೆಚ್ಚು ನಕ್ಕರು. ಗೊತ್ತಿದ್ದುದಕ್ಕೆ ನಗುವಾಗ ಯಾರೂ ಕಾಯಬೇಕಾಗಿರಲಿಲ್ಲ. ಎರಡನೆಯ ಸಾಲಿನಲ್ಲಿ ಇಬ್ಬರು ಸುಮ್ಮನೆ ಮುಂದೆ ನೋಡುತ್ತ ಕೂತಿದ್ದರು.

ದೀಪ ಆರಿ ಜನ ಎದ್ದಾಗ ಮಿಸೆಸ್ ಫೆನ್‌ವಿಕ್ ಏಳಲಿಲ್ಲ. ಕೈಚೀಲದ ಕೊಂಡಿಯನ್ನು ತೆಗೆದರು, ಹಾಕಿದರು.

"ಹೋಲ್ರಾಯ್ಡ್ ಅವರೇ. ಇದೆಲ್ಲ ಮಕ್ಕಳು ಕಟ್ಟಿದ ಕಥೆ. ಅವತ್ತು ನಾವು ತಿಂದೆವು. ನೀವು ಹೊರಗೆ ಇದ್ದಾಗ, ಅಡುಗೆಮನೆಯಲ್ಲಿ ನಿಂತುಕೊಂಡೇ. ನಮ್ಮೆಜಮಾನರು ಎರಡು ಸಲ ಹಾಕಿಸಿಕೊಂಡರು."

ವಿಲ್ಫ್ ಅವರನ್ನು ನೋಡಿದ. ಅವರು ಕಣ್ಣು ತಪ್ಪಿಸಲಿಲ್ಲ.

"ಬಹಳ ಚೆನ್ನಾಗಿತ್ತು. ನನಗೆ ರಾಸ್ಪ್‌ಬೆರಿ ಅಂದರೆ ಮೊದಲಿಂದಲೂ ಪ್ರಾಣ."

ಆ ದಿನ ತೋಟ ತೋರಿಸುತ್ತ ತನ್ನ ಮತ್ತು ಐವಿಯ ಮುಂದೆ ನಡೆದದ್ದು ಈಕೆ ಮತ್ತು ಈಕೆಯ ಗಂಡನೇ ಎಂಬುದೂ ವಿಲ್ಫ್‌ಗೆ ಆಗಲೇ ನೆನಪಾಗಿತ್ತು. ಅವರ ಕೆನ್ನೆಯ ಪೌಡರಿನ ಕೆಳಗೆ ಚರ್ಮ ಸಣ್ಣಗೆ ಅದುರುತ್ತಿತ್ತು.

"ಹೌದ್ರಿ," ಎಂದ. "ರಾಸ್ಪ್‌ಬೆರಿ. ಅದನ್ನ ಹಾಕ್ತಿದ್ಲು."

"ನಾನು ಅವರಿಗೆ ಅದನ್ನು ಹೇಳಬೇಕಾಗಿತ್ತು."

"ಅಕಿಗೆ ಗೊತ್ತಿತ್ರಿ."

ಅವರು ತಲೆಯಾಡಿಸಿ ಎದ್ದರು. ಮೆಟ್ಟಿಲು ಇಳಿಯುವಲ್ಲಿ ವಿಲ್ಫ್ ಮೊಣಕೈ ಕೊಟ್ಟ, ಹಿಡಿದುಕೊಂಡರು. ಹೊರಗೆ ಟ್ಯಾಕ್ಸಿಯವನು ಬಾಗಿಲು ತೆರೆದಾಗ ಏನೋ ಹೇಳುವವರಂತೆ ತಿರುಗಿ, ಕೈಗವಸಿನ ಕೈಯನ್ನು ಅವನತ್ತ ಚಾಚಿದರಷ್ಟೆ.

ಬಟ್ಟಲಿಗಾಗಿ ಮತ್ತೆ ಒಳಗೆ ಬರಬೇಕಾಯಿತು. ನಾಟಕದ ಸಾಮಾನು ನೋಡಿಕೊಳ್ಳುವ ಹುಡುಗಿ ಅದನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. "ಪೂರ್ತಿ ತೊಳೆಯೋಕೆ ಆಗಿಲ್ಲ ಸಾರ್, ಬಿಸಿನೀರು ಬರ್ತಿಲ್ಲ. ಆ ನಾಯಿ ಕಸ್ಟರ್ಡ್ ಮೂಸೀನೂ ನೋಡ್ಲಿಲ್ಲ. ಕೊನೆಗೆ ಕೆಳಗೆಲ್ಲ ಲಿವರ್ ಅರೆದು ಹಚ್ಚಿದ್ವಿ."

ಜ್ಯಾನಿಸ್ ಓಡುತ್ತ ಬಂದಳು. ಕೂದಲು ಕೆದರಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ತಬ್ಬಿಕೊಂಡು, ಆಮೇಲೆ ದೂರ ಸರಿದು ಅವನ ಮುಖ ನೋಡಿದಳು.

"ಯಪ್ಪಾ, ಬ್ಯಾಸರಾತೇನ? ನಾಯಿದು ನಿನಗ ಗೊತ್ತಿತ್ತಲ್ಲ? ಮದುವ್ಯಾದ ವರ್ಷಾನ ಟೋಬಿ ನನಗ ಹೇಳಿದ್ದ. ನೀವಿಬ್ಬರೂ ಹೆಂಗೂ ತಿಳಕೊಂಡೀರಿ, ಅವ್ವ ಬೇಕಂತನ ಚ್ಯಾಷ್ಟಿಗೆ ಹಂಗ ಹೇಳ್ಕೋತ ತಿರಗ್ಯಾಳ ಅಂತ ನಾ ಅಂದ್ಕೊಂಡಿದ್ದೆ."

ವಿಲ್ಫ್ ಪತ್ರಿಕೆಯ ಮಡಿಕೆ ಸರಿಮಾಡಿದ.

"ನೀ ಬ್ಯಾಡಂದ್ರ ತೆಗೀತೇನಿ," ಎಂದಳು ಅವಳು, ದನಿ ಇಳಿಸಿ. "ಖರೇನ. ಕಂತಿನ ಬೆನ್ನೆಲುಬ ಹೋಗ್ತದ, ಆದರೂ ತೆಗೀತೇನಿ. ಹೇಳು."

ಹೇಳಬಹುದಿತ್ತು. ಒಂದೇ ಶಬ್ದ ಸಾಕಿತ್ತು. ಹೇಳಿದರೆ, ಬೀಗರೇ ತಿಂದರೆಂದು ಅವ್ವ ನಂಬಿಕೊಂಡೇ ಸತ್ತಳೆಂಬುದು ಮಗಳಿಗೂ ಗೊತ್ತಾಗುತ್ತಿತ್ತು.

"ಗೊತ್ತಿತ್ತವಾ," ಎಂದ. "ಇರಲಿ ಬಿಡು. ಎಷ್ಟು ನಕ್ಕರಲ್ಲ ಮಂದಿ."

"ಅವ್ವನೂ ನಗತಿದ್ಲು, ಹೌದಲ್ಲ?"

"ಹೂಂ. ನಗತಿದ್ಲು."

ಅವಳು ಉಸಿರು ಬಿಟ್ಟಳು. ಮೇಲೆ ಎಲ್ಲರೂ ಸೇರುತ್ತಾರೆ, ಬಾ ಎಂದಳು. ಯಾರೋ ಅವಳನ್ನು ಹೆಸರು ಹಿಡಿದು ಕೂಗಿದರು. ವಿಲ್ಫ್ ರೈಲಿನ ನೆಪ ಹೇಳಿದ. ದಾರಿಯುದ್ದಕ್ಕೂ ಬಟ್ಟಲು ಮಡಿಲಲ್ಲಿತ್ತು. ಬೆಚ್ಚಗಿನ ರೈಲು ಡಬ್ಬಿಯಲ್ಲಿ ಲಿವರಿನ ವಾಸನೆ ಮೆಲ್ಲಗೆ ಹರಡಿದಾಗ ಎದುರಿನ ಸೀಟಿನವರು ಕಿಟಕಿ ಇಳಿಸಿದರು.

ಬೆಳಿಗ್ಗೆ ಅವನು ಕೆಟಲಿನ ನೀರಿಗೆ ಸೋಡಾ ಹಾಕಿ ಬಟ್ಟಲನ್ನು ನೆನೆಸಿದ. ಕೊರೆದ ಗಾಜಿನ ಗೀರುಗಳಲ್ಲಿ ಕೊಬ್ಬು ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಗೀರು ತಿಕ್ಕಿದ. ಮೂಸಿ ನೋಡಿ ಇನ್ನೊಮ್ಮೆ ತೊಳೆದ. ಒರೆಸುತ್ತಿದ್ದಾಗ ಹಿತ್ತಿಲ ಗೋಡೆಯ ಮೇಲಿಂದ ಪಕ್ಕದ ಮನೆಯ ಹಿಲ್ಡಾ ಸಟ್‌ಕ್ಲಿಫ್ ಇಣುಕಿದಳು, ಕೈಯಲ್ಲಿ ಒಣಹಾಕಬೇಕಾದ ಹಾಸಿಗೆ ಬಟ್ಟೆ.

"ಬಂದೇನಪಾ ವಿಲ್ಫ್! ನಮ್ಮ ಐವಿನ್ನ ಟೀವ್ಯಾಗ ಹಾಕ್ಯಾರಂತ?"

"ಹಾಕ್ಯಾರವಾ."

"ಯಾವಾಗ ಬರ್ತೈತಿ?"

"ಚಳಿಗಾಲಕ್ಕ."

"ಓಣಿ ಮಂದಿನ್ನೆಲ್ಲಾ ನಮ್ಮನಿಗೆ ಕರೀತೇನಿ. ನಮ್ಮ ಟೀವಿ ಬಣ್ಣದ್ದು." ಹಿಲ್ಡಾ ಅವನ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. "ಅದರಾಗ ಟ್ರೈಫಲ್ ಮಾಡಿದ್ರೇನ? ಹೆಂಗಿತ್ತ, ಲಂಡನ್ ಮಂದಿಗೆ ಸೇರ್ತೋ ಇಲ್ಲೋ?"

ವಿಲ್ಫ್ ಬಟ್ಟೆಯನ್ನು ಬಟ್ಟಲಿನ ಒಳಗೆ ಒಂದು ಸುತ್ತು ಆಡಿಸಿದ.

"ಒಂದು ಚಮಚಾನೂ ಉಳಿಸಲಿಲ್ಲ," ಎಂದ.

ಹಿಲ್ಡಾ ನಕ್ಕು, ಐವಿಯ ಹೆಸರು ಹೇಳಿ ತಲೆಯಾಡಿಸಿ, ಬಟ್ಟೆ ಒಣಹಾಕಲು ಹೋದಳು. ವಿಲ್ಫ್ ಒಳಗೆ ಬಂದ. ಮುಂಗೋಣೆಯ ಕಪಾಟಿನ ಮೇಲೆ ಬಟ್ಟಲಿನ ಕಾಲಿನ ಅಳತೆಗೆ ಧೂಳು ತೆಳುವಾಗಿದ್ದ ಒಂದು ಉಂಗುರ ಉಳಿದಿತ್ತು. ಅದರ ಮೇಲೆ ಬಟ್ಟಲನ್ನು ಇಟ್ಟ. ಹಿಂದಕ್ಕೆ ಸರಿದು ನೋಡಿದ. ಮತ್ತೆ ಹತ್ತಿರ ಹೋಗಿ, ಎರಡೂ ಕೈಯಿಂದ ಹಿಡಿದು, ಚಕ್ಕೆ ಎದ್ದ ಬದಿ ಗೋಡೆಗೆ ಬರುವವರೆಗೂ ಮೆಲ್ಲಗೆ ತಿರುಗಿಸಿದ.