ಕಣ್ಣಿದ್ದವಳು

"ಚಟ್ಟ ಲಿಫ್ಟಿನಲ್ಲಿ ಹಿಡಿಯುದಿಲ್ಲ ಅತ್ತಿಗೆ, ಮೆಟ್ಟಿಲಲ್ಲೇ ಇಳಿಸಬೇಕಷ್ಟೆ" ಎನ್ನುತ್ತ ಸುದರ್ಶನ ಸೋಫಾವನ್ನು ಗೋಡೆಗೆ ತಳ್ಳಿದ.

ಮೈದುನನ ಮಾತಿಗೆ ವನಮಾಲಾ ತಲೆಯೆತ್ತಲಿಲ್ಲ. ಗಂಡನ ತಲೆದೆಸೆಯ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದಳು. ಘೋಡಬಂದರ್ ರಸ್ತೆಯ ಈ ಫ್ಲಾಟಿಗೆ ಬೆಳಗಿನಿಂದ ಬಂದವರೆಂದರೆ ಎದುರು ಮನೆಯ ಮರಾಠಿ ದಂಪತಿ, ಸುದರ್ಶನನ ಹೋಟೆಲಿನ ನಾಲ್ಕು ಜನ, ಪುರೋಹಿತರು. ಅವಳಿಗೆ ಮಕ್ಕಳಿರಲಿಲ್ಲ.

"ಅಣ್ಣನಿಗೆ ತನ್ನವರು ಅಂತ ಯಾರೂ ಇರ್ಲಿಲ್ಲ ಭಟ್ರೆ. ಮಾತೇ ಕಮ್ಮಿ" ಎಂದು ಸುದರ್ಶನ ದನಿ ತಗ್ಗಿಸಿ ಹೇಳಿದ್ದು ಅವಳಿಗೂ ಕೇಳಿಸಿತು.

•

ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅವಳ ಗಂಡ ಪುಂಡರೀಕಾಕ್ಷರು ಮಾಜಿವಾಡಾದ ಒಂದು ಸಣ್ಣ ಕಂಪನಿಗೆ ಸೇರಿದ್ದರು. ಕೋಟೆ, ಮ್ಯೂಸಿಯಂ, ಹಳೆಯ ವಾಡೆಗಳನ್ನು ಸುತ್ತಲೂ ಕ್ಯಾಮೆರಾ ತಿರುಗಿಸಿ ಚಿತ್ರ ತೆಗೆದು, ಜನ ಮನೆಯಲ್ಲೇ ಕೂತು ಫೋನಿನಲ್ಲಿ ಅಲ್ಲೆಲ್ಲ ಅಡ್ಡಾಡುವಂತೆ ಮಾಡುವ ಕಂಪನಿ. ಕಣ್ಣು ಕಾಣದವರೂ ಅಡ್ಡಾಡಬೇಕೆಂದರೆ ಎಲ್ಲಿ ಏನಿದೆಯೆಂದು ಯಾರಾದರೂ ಹೇಳಬೇಕು. ಕಿವಿ ಕೇಳದವರಿಗೆ ಆ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡಬೇಕು. ಆ ಕೆಲಸ ಅವರದಾಯಿತು. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಬರೆದು, ಸಣ್ಣ ಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ನಿಲ್ಲಿಸಿ ಓದುತ್ತಿದ್ದರು.

ಅಷ್ಟು ಹೊತ್ತೂ ವನಮಾಲಾ ಮಿಕ್ಸಿ ಹಚ್ಚುವಂತಿರಲಿಲ್ಲ, ಕುಕ್ಕರ್ ಕೂಗಿಸುವಂತಿರಲಿಲ್ಲ. ಬಾಗಿಲಾಚೆಯ ಗುಣುಗುಣು ಕೇಳುತ್ತ ತರಕಾರಿ ಹೆಚ್ಚುತ್ತಿದ್ದಳು. ಯಾವುದೋ ಕಂಬವನ್ನು, ಕಿಟಕಿಯಿಂದ ಬಿದ್ದ ಬಿಸಿಲನ್ನು, ಅಷ್ಟು ಮುದ್ದಾಗಿ, ನಿಧಾನವಾಗಿ ಯಾರಿಗೋ ಹೇಳುತ್ತಿರುವ ದನಿ.

"ನನ್ನ ಹತ್ರ ಇಷ್ಟು ಮಾತಾಡಿದ್ದು ಯಾವತ್ತು ನೀವು?" ಒಮ್ಮೆ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು.

ಅವರು ಸಾರಿಗೆ ಅನ್ನ ಕಲಸುತ್ತ, ನಿಜವಾಗಿಯೂ ಆಶ್ಚರ್ಯದಿಂದ, "ನಿಂಗೆ ಕಣ್ಣುಂಟಲ್ಲ ಮಾರಾಯ್ತಿ" ಎಂದರು.

ಆಮೇಲೆ ಅವಳು ಕೇಳಲಿಲ್ಲ.

ನಿನ್ನೆಯೂ ಕೋಣೆಯ ಬಾಗಿಲು ಹಾಕಿತ್ತು. ಊಟದ ಹೊತ್ತು ಮೀರಿದರೂ ರೆಕಾರ್ಡಿಂಗ್ ನಡೆದಿರಬಹುದೆಂದು ಬಾಗಿಲು ತಟ್ಟದೆ, ತಟ್ಟೆ ಸದ್ದಾಗದಂತೆ ಒಬ್ಬಳೇ ಉಂಡು ಎದ್ದಳು. ಸಂಜೆ ಚಹಾ ತೆಗೆದುಕೊಂಡು ಹೋದಾಗ ಅವರು ಮೇಜಿನ ಮೇಲೆ ತಲೆಯಿಟ್ಟಿದ್ದರು. ಕೈ ತಣ್ಣಗಾಗಿತ್ತು. ಡಾಕ್ಟರು, ಹೃದಯ ನಿಂತು ಬಹಳ ಹೊತ್ತಾಗಿದೆ ಎಂದರು.

•

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಳು. ಅವಳ ಮೊಣಕೈ ಹಿಡಿದು, ಮಡಚಿದ ಬಿಳಿ ಕೋಲಿನೊಂದಿಗೆ ಒಬ್ಬ ಗಂಡಸು.

"ಆಂಟಿ, ಮೈಂ ಸಂಜನಾ, ಸರ್ ಕೆ ಆಫೀಸ್ ಸೇ. ಯೇ ಅಂಬಾದಾಸ್ ಅಂಕಲ್. ಕಲ್ಯಾಣ್ ಸೇ ಆಯೇ ಹೈಂ."

ಅಂಬಾದಾಸ ಕೈಮುಗಿದ. ದೀಪದೆಣ್ಣೆಯ ವಾಸನೆ ಬಂದ ಕಡೆಗೆ ಮುಖ ತಿರುಗಿಸಿ, "ನಾ ಬೀದರ್ ಕಡೆಯಾಂವರಿ ತಾಯಿ" ಎಂದ. "ಮೊದಲ ಕಂಪನಿಯವರ ಚಿತ್ರದಾಗ ಕಣ್ಣಿಲ್ಲದವ್ರಿಗೆ ಏನೂ ಇರ್ಲಿಲ್ಲರಿ. ಎಲ್ಲಿ ಒತ್ತಿದ್ರೂ ಬರೇ ಪಿಟೀಲಿನ ಸದ್ದು. ಸಿಟ್ಟು ಬಂದು ಕಂಪನಿಗೆ ಫೋನ್ ಮಾಡಿ ಬೈದೆ. ಸರ್ ತಾವ ತಿರುಗಿ ಫೋನ್ ಮಾಡಿದ್ರು. ಎಲ್ಲಿ ದಾರಿ ತಪ್ಪಿತು ಹೇಳಿ ಅಂದ್ರು. ಮುಂದ ಪ್ರತಿ ಐತವಾರ ಫೋನ್ ಹಚ್ಚೋರು. ತಾಸುಗಟ್ಲೆ ಮಾತು! ನಗಸ್ತಿದ್ರು ಭಾಳ."

ಭಾನುವಾರ ಅವರು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಳ್ಳುತ್ತಿದ್ದುದು ವನಮಾಲಾಗೆ ಗೊತ್ತಿತ್ತು. ನಗಿಸುತ್ತಿದ್ದದ್ದು ಗೊತ್ತಿರಲಿಲ್ಲ.

"ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ?" ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

ಅಂಬಾದಾಸ ತಡವರಿಸಿದ. "ಇಲ್ಲರಿ ತಾಯಿ. ಮನಿ ಮಾತು ಎಂದೂ ಬರ್ಲಿಲ್ಲ. ಸುಳ್ಳ್ಯಾಕ ಹೇಳ್ಲಿ?"

"ಆಯ್ತು, ಎತ್ತುವ" ಎಂದ ಸುದರ್ಶನ. "ಗಾಡಿ ಕೆಳಗೆ ನಿಂತುಂಟು."

"ಒಂದ ಮಾತು" ಎಂದು ಅಂಬಾದಾಸ ಕೈಯೆತ್ತಿದ. "ಎಲ್ಲಾರೂ ಸರ್ ಮುಖಾ ನೋಡ್ಯಾರ. ನಾ ಹ್ಯಾಂಗ ನೋಡ್ಲಿ? ಸರ್ ಹ್ಯಾಂಗ ಕಾಣ್ತಾರ, ಯಾರರ ಹೇಳ್ರಿ."

ಪುರೋಹಿತರು ಗಡಿಯಾರ ನೋಡಿದರು. ಸುದರ್ಶನ ಏನೋ ಹೇಳಲು ಬಾಯಿ ತೆರೆದಾಗ ವನಮಾಲಾ ಬೇಡವೆಂಬಂತೆ ಕೈ ಮಾಡಿದಳು.

"ಮಲಗಿದ್ದಾರೆ" ಎಂದಳು.

ಅಂಬಾದಾಸ ಇನ್ನೂ ಕಿವಿಗೊಟ್ಟು ನಿಂತೇ ಇದ್ದ. ವನಮಾಲಾ ಗಂಡನ ಪಕ್ಕ ನೆಲದ ಮೇಲೆ ಕೂತಳು.

"ಹಣೆ ಅಗಲ. ಅದರಲ್ಲಿ ಗೋಪಿಚಂದನ. ಮೂಗು ತುದಿಯಲ್ಲಿ ಸ್ವಲ್ಪ ಬಾಗಿದೆ. ಗಡ್ಡ ನಿನ್ನೆ ಬೆಳಿಗ್ಗೆ ತೆಗೆದದ್ದು, ಗಲ್ಲದ ಕೆಳಗೆ ಒಂದಷ್ಟು ಉಳಿದುಬಿಟ್ಟಿದೆ. ಸಿಟ್ಟಿಲ್ಲ. ಏನೋ ಕೇಳಿಸಿಕೊಳ್ತಾ ಇರುವಾಗ ಇರ್ತದಲ್ಲ, ಹಾಗೆ ಉಂಟು ಮುಖ." ಉಸಿರು ತೆಗೆದುಕೊಂಡಳು. "ಎಡ ಹುಬ್ಬು ನಡುವೆ ತುಂಡಾಗಿದೆ. ಯಾವಾಗಿನ ಗಾಯವೋ, ನಾನು ಕೇಳ್ಲಿಲ್ಲ."

"ಸಣ್ಣದಿರುವಾಗ ಬಾವಿಕಟ್ಟೆಯಲ್ಲಿ ಬಿದ್ದದ್ದು" ಎಂದ ಸುದರ್ಶನ, ಬಾಗಿಲ ಬಳಿಯಿಂದ.

ಅವಳು ತಲೆಯಾಡಿಸಿದಳು. "ಕೂದಲು ಹಿಂದೆ ಬಾಚಿದೆ. ಬಲಗಿವಿಯ ಹತ್ತಿರ..." ಎಂದು ಶುರುಮಾಡಿ ನಿಲ್ಲಿಸಿದಳು.

ಕಿವಿಯನ್ನು ಬೆರಳ ತುದಿಯಿಂದ ಮೆಲ್ಲನೆ ಮುಂದಕ್ಕೆ ಮಡಚಿದಳು. ಅದರ ಹಿಂದೆ, ಎಳ್ಳಿನಷ್ಟು, ಅವಳು ಇದುವರೆಗೆ ನೋಡಿರದ ಒಂದು ಕಪ್ಪು ಮಚ್ಚೆ. ಹೊರುವವರು ಹೆಗಲ ಮೇಲೆ ಟವೆಲು ಹಾಕಿಕೊಂಡು ಕಾಯುತ್ತಿದ್ದರು. ವನಮಾಲಾ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಕಿವಿಯನ್ನು ಹಾಗೆಯೇ ಹಿಡಿದು, ಇನ್ನಷ್ಟು ಹತ್ತಿರ ಬಗ್ಗಿದಳು.